ಆ ಪತ್ರವನ್ನು ಕಳಿಸಬೇಡ

ಪ್ರೀತಿಯ ಗೆಳೆಯಾ,

ನಿನ್ನ ಪಾಲುದಾರ ಗ್ರಾಹಕರನ್ನು ಕರೆದುಕೊಂಡು ಹೊರಟುಹೋದನೆಂದು ದೂರಿ, ಗ್ರಾಹಕರಿಗೆಲ್ಲ ಕಳಿಸಲೆಂದು ನೀನು ಬರೆದಿಟ್ಟ ಪತ್ರದ ಕರಡನ್ನು ಎರಡು ಸಲ ಓದಿದೆ. ಅದರ ಒಂದೊಂದು ಮಾತೂ ನಿಜವೇ ಇರಬಹುದು. ಆದರೂ ಕಳಿಸಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಪಾಲುದಾರ ಬಗೆದ ದ್ರೋಹ ನಿನಗೆ ದೊಡ್ಡದು. ನಿನ್ನ ಗ್ರಾಹಕನಿಗೆ ಅದು ಪಕ್ಕದ ಮನೆಯ ಜಗಳ. ಕಿಟಕಿಯಿಂದ ಇಣುಕುತ್ತಾನೆ, ಆಮೇಲೆ ಕದ ಹಾಕಿಕೊಳ್ಳುತ್ತಾನೆ.

ಅಂಥದೇ ಪತ್ರವನ್ನು ನಾನೂ ಬರೆದಿದ್ದೆ, ನಾಲ್ವರಿಗೆ ಕಳಿಸಿಯೂ ಬಿಟ್ಟಿದ್ದೆ. ಆ ನಾಲ್ವರೂ ಇಂದಿಗೂ ತಿರುಗಿ ನೋಡಿಲ್ಲ. ನಮ್ಮದು ಜನರೇಟರ್ ನಿರ್ವಹಣೆಯ ಕೆಲಸ ಎಂಬುದು ನಿನಗೆ ಗೊತ್ತು. ನಾನು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ, ನನ್ನ ಪಾಲುದಾರ ಜನರನ್ನು. ಅವನು ಹೊರಟಾಗ 31 ಗ್ರಾಹಕರಲ್ಲಿ 19 ಮಂದಿ ಅವನ ಹಿಂದೆ ಹೋದರು. ಕದ್ದುಕೊಂಡು ಹೋದ ಎಂದು ಆರು ತಿಂಗಳು ಕಂಡಕಂಡವರ ಮುಂದೆ ಗೋಳು ಹೇಳಿಕೊಂಡೆ.

ನನ್ನ ಕಣ್ಣು ತೆರೆಸಿದವರು ಒಬ್ಬ ಹಿರಿಯ ಗ್ರಾಹಕರು. ಧೈರ್ಯ ಮಾಡಿ ಅವರ ಕಚೇರಿಗೆ ಹೋದೆ. "ನಮ್ಮಿಂದ ಏನು ತಪ್ಪಾಯಿತು?" ಎಂದು ಕೇಳಿ, ತುಟಿ ಬಿಗಿದು ಕುಳಿತೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. "ಒಂದು ರಾತ್ರಿ ಯಂತ್ರ ನಿಂತಿತ್ತು. ನಿಮಗೆ ಮೂರು ಸಲ ಫೋನ್ ಮಾಡಿದೆ, ನಿಮ್ಮ ಪಾಲುದಾರರಿಗೆ ಒಂದು ಸಲ. ಅವರು ಎತ್ತಿದರು" ಎಂದರು. ಅಷ್ಟೇ. ನಾನು ಕಲ್ಪಿಸಿಕೊಂಡಿದ್ದ ಒಳಸಂಚು ಎಲ್ಲಿಯೂ ಇರಲಿಲ್ಲ. (ಆ ರಾತ್ರಿ ಫೋನ್ ಎತ್ತದಿರಲು ನನಗೆ ಒಳ್ಳೆಯ ಕಾರಣವೇ ಇತ್ತು. ಹೇಳಲಿಲ್ಲ.)

ಹೊರಡುವಾಗ ಯಂತ್ರವನ್ನೊಮ್ಮೆ ನೋಡಬಹುದೇ ಎಂದು ಕೇಳಿದೆ. ಪ್ಯಾನೆಲ್ ಬಾಗಿಲಿನ ಒಳಮೈಗೆ ನಾನು ಅಂಟಿಸಿದ್ದ ಸರ್ವಿಸ್ ಚೀಟಿ ಹಾಗೆಯೇ ಇತ್ತು, ಕೊನೆಯ ಸಾಲಿನಲ್ಲಿ ನನ್ನದೇ ಅಕ್ಷರ. ಆ ಯಂತ್ರಕ್ಕೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಮೀಟರ್ ನೋಡಿದರೆ ನಾನು ಬರೆದ ಅಂಕಿಯಿಂದಾಚೆಗೆ 410 ಗಂಟೆ ಓಡಿತ್ತು. ಆಯಿಲ್ ಮಟ್ಟ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ ಅನ್ನು, ಒರೆಸಿ ಮತ್ತೆ ಇಳಿಸಿ ತೆಗೆದೆ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಅವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಯಾರು ಮಾಡಿದರೂ ಸರಿ, ಈ ವಾರವೇ ಆಯಿಲ್ ಬದಲಿಸಿ" ಎಂದಷ್ಟೇ ಹೇಳಿ ಬಂದೆ. ಹನ್ನೊಂದನೆಯ ದಿನ ಅವರೇ ಫೋನ್ ಮಾಡಿದರು. ಮೊದಲ ರಿಂಗಿಗೇ ಎತ್ತಿದೆ.

ನಿನ್ನದು ಲೆಕ್ಕಪತ್ರದ ಕೆಲಸ. ನಿನ್ನ ಬಳಿ ಡಿಪ್‌ಸ್ಟಿಕ್ ಇಲ್ಲ, ಆದರೆ ಕಡತಗಳಿವೆ. ಯಾರ ಕೆಲಸ ಅರ್ಧಕ್ಕೆ ನಿಂತಿದೆ, ಯಾರ ಗಡುವು ಹತ್ತಿರವಿದೆ, ಯಾರ ಒಪ್ಪಂದ ಯಾವ ತಿಂಗಳು ಮುಗಿಯುತ್ತದೆ ಎಂದು ಮೊದಲು ಬರೆದುಕೋ. ಒಪ್ಪಂದ ಮುಗಿಯುವ ಹಿಂದಿನ ದಿನ ಹೋಗಿ ನಿಂತರೆ ಪ್ರಯೋಜನವಿಲ್ಲ. ಒಂದೂವರೆ ತಿಂಗಳು ಮೊದಲೇ ಹೋಗು. ನಿನ್ನ ಕಚೇರಿಯೇ ಮುಚ್ಚಿತು ಎಂದುಕೊಂಡು ಹೋದವರೂ ಇದ್ದಾರೆ. ನನ್ನ 19ರಲ್ಲಿ ಅಂಥವರು ಐವರು! ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ನಾನೂ ಸೇರಿ. ಕಾಗದಪತ್ರ ವಾಪಸು ಕೇಳಿದವರಿಗೆ ಸತಾಯಿಸದೆ ಕೊಡು, ಅಚ್ಚುಕಟ್ಟಾಗಿ ಜೋಡಿಸಿ ಕೊಡು. ದರ ಇಳಿಸುವ ಯೋಚನೆ ಮಾತ್ರ ಬೇಡ. ದರಕ್ಕಾಗಿ ಬಂದವನು ದರಕ್ಕಾಗಿಯೇ ಹೋಗುತ್ತಾನೆ. ಮೇಲಾಗಿ ನಿನ್ನನ್ನು ಬಿಡದೆ ಉಳಿದವರಿಗೆ ಸುದ್ದಿ ಮುಟ್ಟಿದರೆ ಅವರ ಮುಖ ಹೇಗೆ ನೋಡುತ್ತೀಯ? ನಿಜ ಹೇಳಬೇಕೆಂದರೆ ಮೊದಲ ಫೋನ್ ಹೋಗಬೇಕಾದದ್ದೇ ಆ ಉಳಿದವರಿಗೆ.

ಕಾನೂನಿನ ಮಾತು ಎತ್ತಿದ್ದೀಯ. ಪಾಲುದಾರಿಕೆಯ ಕರಾರಿನಲ್ಲಿ ಗುಡ್‌ವಿಲ್, ಅಂದರೆ ವ್ಯಾಪಾರ ಗಳಿಸಿದ ಹೆಸರು ಮತ್ತು ಗ್ರಾಹಕರ ನಂಟು, ಯಾರ ಪಾಲಿಗೆ ಎಂದು ಬರೆದಿದೆಯೋ ನೋಡು. ಟ್ರೆಗೊ ಮತ್ತು ಹಂಟ್ ನಡುವಿನ ಹಳೆಯ ಇಂಗ್ಲಿಷ್ ಮೊಕದ್ದಮೆಯೊಂದಿದೆ. ಗುಡ್‌ವಿಲ್ ಟ್ರೆಗೊ ಪಾಲಿನದು. ಪಾಲುದಾರಿಕೆ ಮುಗಿಯುವ ಮುನ್ನವೇ ಹಂಟ್ ಗುಮಾಸ್ತನೊಬ್ಬನಿಂದ ಗ್ರಾಹಕರ ಹೆಸರು, ವಿಳಾಸಗಳನ್ನು ನಕಲು ಮಾಡಿಸಿಕೊಂಡಿದ್ದ. ಹಂಟ್ ಅದೇ ವ್ಯಾಪಾರ ಮಾಡಬಹುದು, ತಾವಾಗಿ ಬಂದವರನ್ನು ಸೇರಿಸಿಕೊಳ್ಳಬಹುದು, ಆದರೆ ಹಳೆಯ ಗ್ರಾಹಕರನ್ನು ತಾನಾಗಿ ಕರೆಯುವಂತಿಲ್ಲ ಎಂದು ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಿನ್ನ ಕರಾರಿಗೆ ಎಷ್ಟು ಬಲವಿದೆ ಎಂಬುದನ್ನು ವಕೀಲರೇ ಹೇಳಬೇಕು. ನೋಟಿಸು ಕಳಿಸುವುದಾದರೆ ಅವನಿಗೆ ಕಳಿಸು, ಗ್ರಾಹಕರಿಗಲ್ಲ.

19ರಲ್ಲಿ ನನ್ನ ಬಳಿ ಮರಳಿದವರು ಎಂಟು ಮಂದಿ, ಅದೂ ಎರಡು ವರ್ಷದಲ್ಲಿ. ಈಗ ಪ್ರತಿ ಗ್ರಾಹಕರ ಮೊಬೈಲಿನಲ್ಲೂ ನನ್ನದಲ್ಲದೆ ನನ್ನ ಸಹಾಯಕನ ಸಂಖ್ಯೆಯೂ ಇದೆ. ನಾಳೆ ಅವನೂ ಹೊರಟರೆ ಎಂದು ನೀನು ನಗಬಹುದು. ನನಗೂ ಆ ಭಯವಿದೆ.

ಕರಡನ್ನು ಅಳಿಸಿ, ಗ್ರಾಹಕರ ಪಟ್ಟಿ ಕಳಿಸು. ಭಾನುವಾರ ಬರುತ್ತೇನೆ. ಮೊದಲ ಮೂರು ಫೋನ್ ಮಾಡುವಾಗ ಪಕ್ಕದಲ್ಲಿ ಕುಳಿತಿರುತ್ತೇನೆ.

ನಿನ್ನ ಗೆಳೆಯ