ತೈಲ ವಿದ್ಯುತ್ ಸ್ಥಾವರ: ಸನ್ನದ್ಧತೆಯೇ ಮಾನದಂಡವಾಗಲಿ

ಮಾನ್ಯ ಸಂಪಾದಕರೇ,

ತೈಲ ಆಧಾರಿತ ವಿದ್ಯುತ್ ಸ್ಥಾವರಗಳ ಚರ್ಚೆ ಬಂದಾಗಲೆಲ್ಲ ಅವು ವರ್ಷಕ್ಕೆ ಎಷ್ಟು ಯೂನಿಟ್ ಉತ್ಪಾದಿಸಿದವು, ಪ್ರತಿ ಯೂನಿಟ್‌ಗೆ ತಗುಲಿದ ವೆಚ್ಚವೆಷ್ಟು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಆ ಲೆಕ್ಕದಲ್ಲಿ ಅವು ಹಿಂದೆ ಬೀಳುವುದು ಸಹಜ. 1973ರ ತೈಲ ಬಿಕ್ಕಟ್ಟಿನ ವೇಳೆಗೆ ಜಗತ್ತಿನ ವಿದ್ಯುತ್ತಿನ ಸುಮಾರು ಕಾಲುಭಾಗ ತೈಲದಿಂದಲೇ ಬರುತ್ತಿತ್ತು. ಈಗ ಆ ಪಾಲು ಶೇ 3ರ ಆಸುಪಾಸಿಗೆ ಇಳಿದಿದೆ. ದಿನನಿತ್ಯದ ಪೂರೈಕೆಗೆ ತೈಲ ಸುಡುವುದು ದುಬಾರಿ, ಅದರ ಹೊಗೆಯೂ ಹಾನಿಕರ ಎಂಬುದರಲ್ಲಿ ನನಗೆ ತಕರಾರಿಲ್ಲ.

ಆದರೆ ರಾಷ್ಟ್ರೀಯ ಗ್ರಿಡ್‌ಗೆ ಇವುಗಳ ನಿಜವಾದ ಉಪಯೋಗ ಸಂಕಟದ ಗಳಿಗೆಯಲ್ಲಿದೆ. ಅನಿಲ ಸ್ಥಾವರವು ಕೊಳವೆಮಾರ್ಗವನ್ನು, ಜಲವಿದ್ಯುತ್ ಮಳೆಯನ್ನು ನೆಚ್ಚಿರುವಾಗ, ತೈಲ ಸ್ಥಾವರ ತನಗೆ ಬೇಕಾದ ಇಂಧನವನ್ನು ತನ್ನ ಆವರಣದ ಟ್ಯಾಂಕುಗಳಲ್ಲೇ ಇಟ್ಟುಕೊಳ್ಳಬಲ್ಲದು. ಐರ್ಲೆಂಡ್ ತನ್ನ ಮನಿಪಾಯಿಂಟ್ ಸ್ಥಾವರದಲ್ಲಿ 2025ರಲ್ಲಿ ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಿದರೂ ಅದನ್ನು ಕೆಡವದೆ, ಗ್ರಿಡ್‌ಗೆ ಅಗತ್ಯ ಬಿದ್ದಾಗಲಷ್ಟೇ ಭಾರತೈಲದಿಂದ (ಮಂದವಾದ ಇಂಧನ ತೈಲದಿಂದ) ನಡೆಸುವ ಮೀಸಲು ಸ್ಥಾವರವಾಗಿ ಉಳಿಸಿಕೊಂಡದ್ದು ಈ ಕಾರಣಕ್ಕೇ.

ಟ್ಯಾಂಕು ಬರಿದಾಗಿದ್ದರೆ ಈ ಉಪಯೋಗವೂ ಇಲ್ಲ. ಲೆಬನಾನ್‌ನಲ್ಲಿ 2021ರ ಅಕ್ಟೋಬರ್‌ನಲ್ಲಿ ದೇರ್ ಅಮ್ಮಾರ್ ಮತ್ತು ಜಹ್ರಾನಿ ಸ್ಥಾವರಗಳು ಇಂಧನವಿಲ್ಲದೆ ನಿಂತಾಗ ಇಡೀ ದೇಶದ ಗ್ರಿಡ್ ಸ್ತಬ್ಧವಾಯಿತು. 2022ರಲ್ಲಿ ಶ್ರೀಲಂಕಾದ ಜನ ದಿನಕ್ಕೆ 13 ಗಂಟೆಗಳವರೆಗೆ ವಿದ್ಯುತ್ ಕಡಿತ ಅನುಭವಿಸಿದರು. ಜಲಾಶಯಗಳಲ್ಲಿ ನೀರು ತಗ್ಗಿತ್ತು, ತೈಲ ತರಿಸಲು ವಿದೇಶಿ ವಿನಿಮಯವೂ ಇರಲಿಲ್ಲ. ಎರಡೂ ಕಡೆ ಕೊರತೆಯಾದದ್ದು ಯಂತ್ರಗಳಿಗಲ್ಲ, ಇಂಧನಕ್ಕೆ.

ಸನ್ನದ್ಧವಾಗಿರುವುದು ಪುಕ್ಕಟೆಯಾಗಿ ಆಗುವ ಕೆಲಸವಲ್ಲ. ಭಾರತೈಲವನ್ನು ಬಿಸಿ ಮಾಡದೆ ಪಂಪ್ ಮಾಡಲಾಗದು. ತಣ್ಣಗಾದ ಬಾಯ್ಲರ್ ಉಗಿ ಕಟ್ಟಲು ಗಂಟೆಗಟ್ಟಲೆ ಬೇಕು. ಅಪರೂಪಕ್ಕೆ ಓಡುವ ಯಂತ್ರವನ್ನು ಅರಿತ ಸಿಬ್ಬಂದಿಯನ್ನು ವರ್ಷವಿಡೀ ಇಟ್ಟುಕೊಳ್ಳಬೇಕು. ಇಡೀ ಗ್ರಿಡ್ ಕುಸಿದಾಗ ಹೊರಗಿನ ವಿದ್ಯುತ್ತಿನ ನೆರವಿಲ್ಲದೆ ತಾನೇ ಚಾಲೂ ಆಗುವ ವ್ಯವಸ್ಥೆ ಇದೆಯೆಂದು ಕಾಗದದಲ್ಲಿ ಬರೆದರೆ ಸಾಲದು, ಅದನ್ನು ಆಗಾಗ್ಗೆ ನಡೆಸಿಯೇ ನೋಡಬೇಕು.

ಆದ್ದರಿಂದ ಇಂಥ ಸ್ಥಾವರಗಳಿಗೆ ಯೂನಿಟ್ ಲೆಕ್ಕದ ಬದಲು ಸಿದ್ಧವಾಗಿ ನಿಂತದ್ದಕ್ಕಾಗಿಯೇ ಪ್ರತ್ಯೇಕ ಹಣ ಪಾವತಿಯಾಗಬೇಕು. ಟ್ಯಾಂಕಿನಲ್ಲಿ ಎಷ್ಟು ದಿನಕ್ಕಾಗುವ ತೈಲವಿದೆ, ಕೊನೆಯ ಪರೀಕ್ಷಾ ಚಾಲನೆ ಯಾವಾಗ ನಡೆಯಿತು, ಕರೆ ಬಂದಾಗ ಪೂರ್ಣ ಸಾಮರ್ಥ್ಯಕ್ಕೆ ಏರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ವಿದ್ಯುತ್ ನಿಯಂತ್ರಣ ಸಂಸ್ಥೆಗಳು ನಿಯತವಾಗಿ ಪ್ರಕಟಿಸಲಿ. ಆ ಪರೀಕ್ಷೆಯಲ್ಲಿ ಸೋತ ಸ್ಥಾವರಕ್ಕೆ ಸಲ್ಲುವ ಮೊತ್ತವನ್ನು ಕಡಿತಗೊಳಿಸಲಿ.

ಇತಿ,
ಒಬ್ಬ ವಾಚಕ