ಬೇಡವಾದದ್ದು ಬೇರೆ, ಕೆಟ್ಟದ್ದು ಬೇರೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಕೊಂಡು ಒಂಬತ್ತು ದಿನವೂ ತುಂಬದ ಲ್ಯಾಪ್‌ಟಾಪ್ ಕೆಲಸದ ನಡುವೆ ತಾನಾಗಿಯೇ ಆರಿಹೋಗುತ್ತಿದೆ, ಅಂಗಡಿಯವರು ವಾಪಸ್ ಪಡೆಯಲು ಒಪ್ಪಿದ್ದಾರೆ, ಆದರೆ ಪೆಟ್ಟಿಗೆ ಒಡೆದಿರುವ ಕಾರಣಕ್ಕೆ ರಿಸ್ಟಾಕಿಂಗ್ ಶುಲ್ಕವೆಂದು ಬೆಲೆಯಲ್ಲಿ ಶೇ. 15ರಷ್ಟನ್ನು ಮುರಿದುಕೊಂಡು ಉಳಿದ ಹಣವನ್ನಷ್ಟೇ ಕೊಡುತ್ತೇವೆ ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯೆ. ಕೊನೆಯಲ್ಲಿ ‘ಹೋದರೆ ಹೋಗಲಿ, ತಲೆನೋವು ತಪ್ಪಿದರೆ ಸಾಕು’ ಎಂದು ಸೇರಿಸಿರುವ ಸಾಲನ್ನು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ದಯವಿಟ್ಟು ಇನ್ನೂ ಒಪ್ಪಿಗೆ ಕೊಡಬೇಡ. ಈ ಪತ್ರವನ್ನು ಪೂರ್ತಿ ಓದುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಮೊದಲು ಆ ಶುಲ್ಕ ಹುಟ್ಟಿದ್ದು ಏತಕ್ಕೆ ಎಂಬುದನ್ನು ತಿಳಿದುಕೋ. ಗ್ರಾಹಕರೊಬ್ಬರು ಒಂದು ಕಂಪ್ಯೂಟರನ್ನು ಮನೆಗೆ ಒಯ್ದು, ಪೆಟ್ಟಿಗೆ ಬಿಚ್ಚಿ, ನಾಲ್ಕು ದಿನ ಬಳಸಿ, ಪರದೆ ಚಿಕ್ಕದಾಯಿತು ಎಂದೋ ಬಣ್ಣ ಹಿಡಿಸಲಿಲ್ಲ ಎಂದೋ ಮರಳಿ ತಂದರೆ, ಅಂಗಡಿಯವರು ಅದನ್ನು ಪರೀಕ್ಷಿಸಬೇಕು, ಅದರಲ್ಲಿರುವ ಮಾಹಿತಿಯನ್ನು ಅಳಿಸಬೇಕು, ಹೊಸದಾಗಿ ಪ್ಯಾಕ್ ಮಾಡಬೇಕು, ಅಷ್ಟಾದ ಮೇಲೂ ಹೊಸದರ ಬೆಲೆಗೆ ಮಾರಲಾಗದೆ ತೆರೆದ ಪೆಟ್ಟಿಗೆಯ ಮಾಲೆಂದು ಕಡಿಮೆಗೆ ಬಿಟ್ಟುಕೊಡಬೇಕು. ಆ ನಷ್ಟದಲ್ಲಿ ಒಂದು ಪಾಲನ್ನು ಮನಸ್ಸು ಬದಲಿಸಿದ ಗ್ರಾಹಕರು ಹೊರಲಿ ಎಂಬುದು ಈ ಶುಲ್ಕದ ಹಿಂದಿನ ನ್ಯಾಯ, ಮತ್ತು ಅದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಆದರೆ ನಿನ್ನ ವಿಷಯದಲ್ಲಿ ಮನಸ್ಸು ಬದಲಿಸಿದವರು ಯಾರೂ ಇಲ್ಲ. ಹಣ ಪೂರ್ತಿ ಕೊಟ್ಟಿದ್ದೀಯೆ, ಬದಲಿಗೆ ಬಂದದ್ದು ಕೆಟ್ಟ ವಸ್ತು. ಬೇಡವೆಂದು ಹಿಂದಿರುಗಿಸುವುದೂ ಕೆಟ್ಟಿದೆಯೆಂದು ಹಿಂದಿರುಗಿಸುವುದೂ ಕೌಂಟರಿನ ಮೇಲೆ ನೋಡಲು ಒಂದೇ ಥರ ಕಾಣುತ್ತವೆ. ಇವೆರಡನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳುವುದೇ ಈಗ ನೀನು ಮಾಡಬೇಕಾದ ಕೆಲಸ.

ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ವರ್ಷಗಳ ಹಿಂದೆ ನಾನು ಕೊಂಡ ಒಂದು ಕಂಪ್ಯೂಟರ್ ಚಾಲೂ ಮಾಡಿದ ಮುಕ್ಕಾಲು ಗಂಟೆಗೆ, ಮೈ ಬಿಸಿಯಾದ ಮೇಲೆ, ಪರದೆಯ ಮೇಲೆ ಅಡ್ಡಗೆರೆಗಳನ್ನು ಮೂಡಿಸಿ ಸ್ತಬ್ಧವಾಗುತ್ತಿತ್ತು. ಅಂಗಡಿಗೆ ಒಯ್ದಾಗ ಕೌಂಟರಿನ ಹುಡುಗ ಅದನ್ನು ಚಾಲೂ ಮಾಡಿ, ಐದು ನಿಮಿಷ ನೋಡಿ, ‘ಚೆನ್ನಾಗಿಯೇ ಇದೆಯಲ್ಲ ಸಾರ್’ ಎಂದ. ಇನ್ನೂ ನಲವತ್ತು ನಿಮಿಷ ಕಾಯಿರಿ ಎಂದು ಹೇಳುವ ಗಟ್ಟಿತನ ನನ್ನಲ್ಲಿರಲಿಲ್ಲ, ತೋರಿಸಲು ಕೈಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವನು ನನ್ನ ಮುಂದೆ ಒಂದು ಫಾರ್ಮ್ ಇಟ್ಟ. ಹಿಂದಿರುಗಿಸಲು ಕಾರಣವೇನೆಂದು ಕೇಳುವ ಮೂರು ಚೌಕಗಳು ಅದರಲ್ಲಿದ್ದವು, ಅವನ ಪೆನ್ನಿನ ತುದಿ ‘ಅಗತ್ಯವಿಲ್ಲ’ ಎಂಬ ಚೌಕದ ಪಕ್ಕದಲ್ಲೇ ನಿಂತಿತ್ತು. ನಾನು ಅದಕ್ಕೇ ಗುರುತು ಹಾಕಿ ಸಹಿ ಮಾಡಿದೆ. ಆಮೇಲೆ ಎಷ್ಟು ಪತ್ರ ಬರೆದರೂ ಆ ಸಹಿಯೇ ನನಗೆ ಎದುರು ಸಾಕ್ಷಿಯಾಯಿತು, ಶುಲ್ಕ ಹೋದದ್ದು ಹೋಯಿತು. ನಿನ್ನ ಫಾರ್ಮಿನಲ್ಲಿ ‘ದೋಷ’ ಎಂಬ ಚೌಕವಿಲ್ಲದಿದ್ದರೆ ಅಂಚಿನಲ್ಲಿ ಕೈಯಿಂದಲೇ ‘ಯಂತ್ರದಲ್ಲಿ ದೋಷವಿರುವುದರಿಂದ ಹಿಂದಿರುಗಿಸುತ್ತಿದ್ದೇನೆ, ಶುಲ್ಕಕ್ಕೆ ಒಪ್ಪಿಗೆಯಿಲ್ಲ’ ಎಂದು ಬರೆದು, ಅದರ ಕೆಳಗೆ ಸಹಿ ಮಾಡಿ, ಆ ಹಾಳೆಯ ಫೋಟೋ ತೆಗೆದುಕೋ.

ಈಗ ದೋಷವನ್ನು ಹಿಡಿದು ತೋರಿಸುವ ಮಾತು. ಬಿಟ್ಟುಬಿಟ್ಟು ಬರುವ ದೋಷಕ್ಕೆ ಒಂದು ಕೆಟ್ಟ ಗುಣವಿದೆ, ಅದು ತೋರಿಸಬೇಕಾದ ಹೊತ್ತಿಗೆ ಬರುವುದಿಲ್ಲ. ಸರ್ವಿಸ್ ಸೆಂಟರಿನವರು ‘ದೋಷ ಕಂಡುಬಂದಿಲ್ಲ’ ಎಂದು ಒಂದು ಸಾಲು ಬರೆದರೆ ಕೆಟ್ಟ ವಸ್ತು ಮತ್ತೆ ಬೇಡವಾದ ವಸ್ತುವಿನ ಸಾಲಿಗೆ ಸೇರಿಬಿಡುತ್ತದೆ. ಆದ್ದರಿಂದ ಇಂದು ರಾತ್ರಿಯೇ ಲ್ಯಾಪ್‌ಟಾಪನ್ನು ಮಗುಚಿ ತಳದ ಚೀಟಿಯಲ್ಲಿರುವ ಸೀರಿಯಲ್ ನಂಬರಿನಿಂದ ವಿಡಿಯೋ ಆರಂಭಿಸು, ಅದನ್ನು ನಿಲ್ಲಿಸದೆಯೇ ಯಂತ್ರವನ್ನು ತಿರುಗಿಸಿ ಚಾಲೂ ಮಾಡು, ಪರದೆಯ ಗಡಿಯಾರ ಕಾಣುವಂತೆ ಫೋನನ್ನು ಎಲ್ಲಾದರೂ ಒರಗಿಸಿಟ್ಟು ಅದು ಆರುವವರೆಗೂ ಕಾಯಿ. ನಡುವೆ ಕತ್ತರಿಸಿ ಜೋಡಿಸಿದ ವಿಡಿಯೋ ಬೇಡ, ಅದರ ಮೇಲೆ ಅನುಮಾನ ಪಡುವುದು ಸುಲಭ.

ಬಳಿಕ ವಿಂಡೋಸ್‌ನ ಈವೆಂಟ್ ವ್ಯೂವರ್ (ಯಂತ್ರದಲ್ಲಿ ನಡೆದದ್ದರ ದಾಖಲೆಗಳನ್ನು ತೋರಿಸುವ ಸಾಧನ) ತೆರೆದರೆ ಅದು ಆರಿದ ಪ್ರತಿಸಲವೂ ‘ಕರ್ನಲ್-ಪವರ್ 41’ ಎಂಬ ದಾಖಲೆ ಬಿದ್ದಿರುವುದು ಕಾಣಬಹುದು. ಕ್ರಮವಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಎಂದಷ್ಟೇ ಆ ದಾಖಲೆ ಹೇಳುತ್ತದೆ, ಏಕೆ ನಿಂತಿತು ಎಂಬುದನ್ನು ಅದು ಹೇಳುವುದಿಲ್ಲ. ಆದರೂ ತಾರೀಖು ಮತ್ತು ಗಂಟೆಗಳು ಅದರಲ್ಲಿರುವುದರಿಂದ ಎಲ್ಲವನ್ನೂ ಉಳಿಸಿಕೋ. ‘ನೀವು ಹಾಕಿಕೊಂಡ ಯಾವುದೋ ಸಾಫ್ಟ್‌ವೇರ್ ಹೀಗೆ ಮಾಡುತ್ತಿದೆ’ ಎಂಬ ಮಾತು ಖಂಡಿತ ಬರುತ್ತದೆ, ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಒಂದು ಪೆನ್‌ಡ್ರೈವಿಗೆ ವಿಂಡೋಸಿನ ಬದಲು ಯಂತ್ರವನ್ನು ನಡೆಸಬಲ್ಲ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿ, ಒಳಗಿನ ಡಿಸ್ಕನ್ನು ಮುಟ್ಟದೆ, ಅದರಿಂದಲೇ ಯಂತ್ರವನ್ನು ಓಡಿಸಿ ನೋಡು. ಅಲ್ಲಿಯೂ ಅದು ಹಾಗೆಯೇ ಆರಿದರೆ ತಪ್ಪು ವಿಂಡೋಸಿನದೂ ಅಲ್ಲ, ನಿನ್ನದೂ ಅಲ್ಲ, ಯಂತ್ರದ್ದೇ ಎಂದು ಧೈರ್ಯವಾಗಿ ಹೇಳಬಹುದು. ಮೆಮ್‌ಟೆಸ್ಟ್ ಎಂಬ, ಯಂತ್ರದ ಮೆಮೊರಿಯನ್ನು (ರ‍್ಯಾಮ್) ತಪಾಸಣೆ ಮಾಡುವ ಉಚಿತ ಪರೀಕ್ಷೆಯನ್ನು ಇಡೀ ರಾತ್ರಿ ಓಡಲು ಬಿಡು, ಬೆಳಿಗ್ಗೆ ಕೆಂಪಕ್ಷರದಲ್ಲಿ ತಪ್ಪುಗಳು ಕಂಡರೆ ರ‍್ಯಾಮ್ ಅಥವಾ ಅದಕ್ಕೆ ಸೇರಿದ ಭಾಗ ಕೆಟ್ಟಿದೆ ಎಂದು ಬರೆಯಲು ನಿನಗೆ ಆಧಾರ ಸಿಕ್ಕಿತು. ಹಿಂಬದಿಯ ಸ್ಕ್ರೂ ಬಿಚ್ಚುವ ಸಾಹಸಕ್ಕೆ ಮಾತ್ರ ಇಳಿಯಬೇಡ. ನೀನೇ ಬಿಚ್ಚಿ ಕೆಡಿಸಿದೆ ಎನ್ನಲು ಅವರಿಗೆ ಅಷ್ಟು ಸಾಕಾಗುತ್ತದೆ.

ಇದಾದ ಮೇಲೆ ಇಮೇಲ್ ಬರೆ. ಫೋನಿನಲ್ಲಿ ಎಷ್ಟೇ ಮೃದುವಾಗಿ ಮಾತನಾಡಿದರೂ ಆ ಮಾತಿಗೆ ಗುರುತು ಉಳಿಯುವುದಿಲ್ಲ. ಬಿಲ್ಲಿನ ಸಂಖ್ಯೆ, ಕೊಂಡ ದಿನ, ಸೀರಿಯಲ್ ನಂಬರ್, ದೋಷ ಮೊದಲು ಕಂಡ ದಿನ, ಅದು ಎಷ್ಟು ಸಲ ಮರುಕಳಿಸಿತು, ಇವಿಷ್ಟನ್ನು ಹೇಳಿ, ‘ಇದು ಮನಸ್ಸು ಬದಲಿಸಿ ಹಿಂದಿರುಗಿಸುತ್ತಿರುವ ವಸ್ತುವಲ್ಲ, ದೋಷವಿರುವ ವಸ್ತು, ಆದ್ದರಿಂದ ರಿಸ್ಟಾಕಿಂಗ್ ಶುಲ್ಕ ಇದಕ್ಕೆ ಅನ್ವಯಿಸುವುದಿಲ್ಲ, ಪೂರ್ತಿ ಹಣ ಹಿಂದಿರುಗಿಸಿರಿ’ ಎಂದು ಒಂದೇ ವಾಕ್ಯದಲ್ಲಿ ಕೇಳು. ಅವರದೇ ವಾಪಸಾತಿ ನಿಯಮಗಳನ್ನು ಬಿಲ್ಲಿನ ಹಿಂಬದಿಯಲ್ಲಿ ನಿಧಾನವಾಗಿ ಓದು. ದೋಷವಿದ್ದರೆ ಶುಲ್ಕವಿಲ್ಲ ಎಂಬ ಮಾತು ಎಷ್ಟೋ ಸಲ ಅಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ, ಕೌಂಟರಿನಲ್ಲಿರುವವರೇ ಅದನ್ನು ಓದಿರುವುದಿಲ್ಲ. ಕೋಪದ ಮಾತು ಬೇಡ. ಆ ಇಮೇಲನ್ನು ಮುಂದೆ ಬ್ಯಾಂಕಿನವರೋ ಗ್ರಾಹಕ ಆಯೋಗದವರೋ ಓದಬಹುದು ಎಂಬುದನ್ನು ನೆನಪಿಟ್ಟುಕೊಂಡು ಬರೆ.

ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಕೆಟ್ಟ ವಸ್ತುವಿನ ವಿಷಯದಲ್ಲಿ ಬಹುಮಟ್ಟಿಗೆ ಕೊಂಡವರ ಕಡೆಗೇ ವಾಲುತ್ತದೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಎಣಿಸುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಕೆಟ್ಟ ವಸ್ತುವನ್ನು ತಿರಸ್ಕರಿಸಿ ಪೂರ್ತಿ ಹಣ ಕೇಳಲು ಸಾಮಾನ್ಯವಾಗಿ 30 ದಿನಗಳ ಹಕ್ಕಿದೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಹೇಳದೆಯೇ 14 ದಿನಗಳೊಳಗೆ ರದ್ದು ಮಾಡಬಹುದು. ಅಮೆರಿಕದಲ್ಲಿ ಮಾತ್ರ ಅಂಗಡಿಯ ನಿಯಮಕ್ಕೂ ಆಯಾ ರಾಜ್ಯದ ಕಾನೂನಿಗೂ ಹೆಚ್ಚು ತೂಕ. ನೀನು ಕೊಂಡ ಕಡೆ ಯಾವುದು ನಡೆಯುತ್ತದೆಯೋ ಅದನ್ನು ಹೆಸರು, ವರ್ಷ ಸಮೇತ ಇಮೇಲಿನಲ್ಲಿ ಒಂದು ಸಾಲಾಗಿ ಸೇರಿಸು, ಉಪನ್ಯಾಸ ಬೇಡ. ಎಲ್ಲ ಕಡೆಯೂ ದಿನಗಳ ಲೆಕ್ಕವಿದೆ ಎಂಬುದನ್ನು ಗಮನಿಸು. ನಿನ್ನ ಒಂಬತ್ತನೆಯ ದಿನಕ್ಕೆ ಬೆಲೆಯಿರುವುದು ಅದರಿಂದಲೇ.

ಅವರು ‘ರಿಪೇರಿ ಮಾಡಿಕೊಡುತ್ತೇವೆ’ ಎನ್ನಬಹುದು. ಒಳ್ಳೆಯ ಮಾತೇ, ಆದರೆ ರಿಪೇರಿಗೆಂದು ಅಲ್ಲಿ ಕೂತ ದಿನಗಳಲ್ಲಿ ವಾಪಸಾತಿಯ ಅವಧಿಯೂ ಕಳೆದುಹೋಗಬಹುದು. ಬ್ರಿಟನ್ನಿನ ಕಾನೂನು ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್ಲೆಡೆ ಹಾಗಿಲ್ಲ. ಒಪ್ಪುವುದಾದರೆ, ರಿಪೇರಿ ಫಲಿಸದಿದ್ದರೆ ಪೂರ್ತಿ ಹಣ ಕೊಡುವುದಾಗಿ ಬರಹದಲ್ಲಿ ಪಡೆದುಕೊಂಡು ಒಪ್ಪು. ಕೊಂಡ ಎರಡನೆಯ ವಾರದಲ್ಲೇ ರಿಪೇರಿಗೆ ಹೋಗುವ ಯಂತ್ರದ ಮೇಲೆ ನನಗಂತೂ ನಂಬಿಕೆಯಿಲ್ಲ.

ಕಳುಹಿಸುವ ಮುಂಚೆ ನಿನ್ನ ಕಡತಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಎಲ್ಲ ಖಾತೆಗಳಿಂದ ಹೊರಬಂದು, ಡಿಸ್ಕನ್ನು ಅಳಿಸು. ಆದರೆ ವಿಡಿಯೋ ಮತ್ತು ದಾಖಲೆಗಳನ್ನು ಹೊರಗೆ ಉಳಿಸಿಕೊಳ್ಳುವವರೆಗೆ ಅಳಿಸುವ ಕೆಲಸಕ್ಕೆ ಕೈ ಹಾಕಬೇಡ. ಚಾರ್ಜರ್, ತಂತಿ, ಕಾಗದಪತ್ರ, ಒಳಗಿನ ಫೋಮ್ ಎಲ್ಲವನ್ನೂ ಮೂಲ ಪೆಟ್ಟಿಗೆಯಲ್ಲಿ ಮೊದಲಿದ್ದಂತೆಯೇ ಇಟ್ಟು, ಮುಚ್ಚುವ ಮುನ್ನ ಮೇಲಿನಿಂದ ಒಂದು ಫೋಟೋ ತೆಗೆ. ಅವರು ಕೊಡುವ ವಾಪಸಾತಿ ಸಂಖ್ಯೆಯನ್ನು ಪೆಟ್ಟಿಗೆಯ ಹೊರಗೆ ದೊಡ್ಡದಾಗಿ ಬರೆ, ಕೊರಿಯರ್ ರಸೀದಿಯಲ್ಲಿ ತೂಕ ನಮೂದಾಗಿದೆಯೇ ಎಂದು ನೋಡು. ಒಂದು ತಂತಿ ಕಡಿಮೆಯಿದ್ದರೂ ಅದೇ ನೆಪದಲ್ಲಿ ಹಣ ಮುರಿಯುವುದುಂಟು.

ಇಷ್ಟಾದರೂ ಅವರು ಶೇ. 15 ಮುರಿದುಕೊಂಡೇ ಹಣ ಕಳುಹಿಸಿದರೆ, ‘ಇದನ್ನು ಅಂತಿಮ ಲೆಕ್ಕವೆಂದು ನಾನು ಒಪ್ಪಿಲ್ಲ’ ಎಂದು ಅದೇ ದಿನ ಉತ್ತರ ಬರೆ. ನೀನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದೀಯಲ್ಲ, ಮುರಿದ ಮೊತ್ತಕ್ಕಷ್ಟೇ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ದಾಖಲಿಸಬಹುದು. ಬಂದ ಹಣಕ್ಕೂ ಸೇರಿಸಿ ಕೇಳಿದರೆ ನಿನ್ನ ಮಾತಿನ ಮೇಲಿನ ನಂಬಿಕೆಯೇ ಕಡಿಮೆಯಾಗುತ್ತದೆ. ಅದಕ್ಕೂ ಗಡುವು ಇರುವುದರಿಂದ ಅಂಗಡಿಯವರ ‘ನೋಡೋಣ, ವಿಚಾರಿಸೋಣ’ ಎಂಬ ಮಾತಿಗೆ ಕಾಯುತ್ತಾ ಕೂರಬೇಡ. ಬ್ಯಾಂಕು ಕೈಬಿಟ್ಟರೆ ಗ್ರಾಹಕ ಆಯೋಗದ ಬಾಗಿಲು ತಟ್ಟಲು ಅದೇ ವಿಡಿಯೋ, ಅದೇ ಇಮೇಲ್, ಸಹಿಯಿರುವ ಅದೇ ಫಾರ್ಮ್ ಸಾಕು.

ಇಮೇಲಿನ ಕರಡನ್ನು ನಾಳೆ ನನಗೆ ಕಳುಹಿಸು, ಓದಿ ತಿದ್ದಿ ಸಂಜೆಯೊಳಗೆ ಮರಳಿಸುತ್ತೇನೆ. ವಿಡಿಯೋ ತೆಗೆಯುವಾಗ ಫೋನಿಗೆ ಚಾರ್ಜರ್ ಸಿಕ್ಕಿಸಿಡು, ಯಂತ್ರ ಆರಲು ಎಷ್ಟು ಹೊತ್ತು ಹಿಡಿಯುತ್ತದೆಯೋ ತಿಳಿಯದು.

ಇಂತಿ ನಿನ್ನ ಕ್ಷೇಮವನ್ನು ಸದಾ ಬಯಸುವ,
ದೊಡ್ಡಪ್ಪ