ಸೌಟು ನೆಕ್ಕುವವರ ನಾಡಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಐಸ್‌ಲ್ಯಾಂಡಿನವರ ಕ್ರಿಸ್‌ಮಸ್ ಹೇಗಿರುತ್ತೆ ಅಂತ ಬರೆದು ಕಳಿಸು, ಮಕ್ಕಳಿಗೆ ಓದಿ ಹೇಳ್ತೀನಿ ಅಂದಿದ್ದೆಯಲ್ಲ. ಬರೆಯುತ್ತಿದ್ದೇನೆ. ಆದರೆ ಇದರಲ್ಲಿ ಅರ್ಧ ಮಾತ್ರ ಮಕ್ಕಳಿಗೆ, ಉಳಿದರ್ಧ ನಿನಗೆ.

ಮೊದಲು ಮಕ್ಕಳ ಪಾಲು. ಇಲ್ಲಿ ಕ್ರಿಸ್‌ಮಸ್ ತಾತ ಒಬ್ಬನಲ್ಲ, ಹದಿಮೂರು ಜನ ಅಣ್ಣತಮ್ಮಂದಿರು. ಡಿಸೆಂಬರ್ 12ರ ಬೆಳಗಾಗುವಷ್ಟರಲ್ಲಿ ಮೊದಲನೆಯವನು ಬೆಟ್ಟ ಇಳಿದು ಬರುತ್ತಾನೆ. ಆಮೇಲೆ ದಿನಕ್ಕೊಬ್ಬ. 24ಕ್ಕೆ ಹದಿಮೂರನೆಯವನು. ಮಕ್ಕಳು ಕಿಟಕಿಯ ಹತ್ತಿರ ಒಂದು ಶೂ ಇಟ್ಟು ಮಲಗುತ್ತಾರೆ. ಹೇಳಿದ ಮಾತು ಕೇಳಿದವರಿಗೆ ಸಣ್ಣ ಉಡುಗೊರೆ, ಹಟ ಮಾಡಿದವರಿಗೆ ಒಂದು ಆಲೂಗಡ್ಡೆ. ಹಬ್ಬದ ದಿನದಿಂದ ಇವರು ಬಂದ ಸಾಲಿನಲ್ಲೇ ಒಬ್ಬೊಬ್ಬರಾಗಿ ವಾಪಸ್ ಹೊರಡುತ್ತಾರೆ. ಜನವರಿ 6ಕ್ಕೆ ಕೊನೆಯವನೂ ಹೋದರೆ ಹಬ್ಬ ಮುಗಿಯಿತು.

ಇವರ ಕಸುಬು ಕೇಳು. ಒಬ್ಬ ಸೌಟು ನೆಕ್ಕುತ್ತಾನೆ. ಒಬ್ಬ ಪಾತ್ರೆಯ ತಳ ಹಿಡಿದದ್ದನ್ನು ಕೆರೆದು ತಿನ್ನುತ್ತಾನೆ. ಒಬ್ಬ ಮಂಚದ ಕೆಳಗೆ ಅಡಗಿದ್ದು, ಉಂಡವರು ಬಟ್ಟಲು ಕೆಳಗಿಡುವುದನ್ನೇ ಕಾಯುತ್ತಾನೆ. ಸ್ಕೀರ್ ಅಂತ ಗಟ್ಟಿ ಮೊಸರಿನಂಥದು ಇಲ್ಲಿ ಮನೆಮನೆಯಲ್ಲೂ ಇರುತ್ತದೆ, ಅದನ್ನು ಬಾಚಿ ನುಂಗುವವನೊಬ್ಬ. ಒಬ್ಬ ಕೊಂಡಿ ಬಿಟ್ಟು ಮಾಂಸ ಎಳೆಯುತ್ತಾನೆ. ಕೊನೆಯವನು ಬರುವುದು ಮೇಣದಬತ್ತಿಗಾಗಿ. ಹಿಂದೆ ಬತ್ತಿ ಮಾಡುತ್ತಿದ್ದದ್ದು ಪ್ರಾಣಿಯ ಕೊಬ್ಬಿನಿಂದ, ಅದನ್ನು ತಿನ್ನಬಹುದಿತ್ತು!

ಇವರ ತಾಯಿ ಗ್ರೀಲಾ, ರಾಕ್ಷಸಿ. ತಂಟೆ ಮಾಡುವ ಮಕ್ಕಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಬೇಯಿಸುತ್ತಾಳೆ. ತಂದೆ ಲೆಪ್ಪಾಲೂದಿ ಬರೀ ಸೋಮಾರಿ. ಮನೆಯಲ್ಲೊಂದು ದೈತ್ಯ ಬೆಕ್ಕೂ ಇದೆ. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನು ಅದು ತಿಂದುಬಿಡುತ್ತದೆ. ಹಿಂದೆ ಈ ಕತೆಗಳು ಎಷ್ಟು ಭಯಂಕರವಾಗಿದ್ದವು ಅಂದರೆ, ಇವನ್ನು ಹೇಳಿ ಮಕ್ಕಳನ್ನು ಹೆದರಿಸಬಾರದು ಅಂತ 1746ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿತ್ತು. ಅಣ್ಣತಮ್ಮಂದಿರು ಹದಿಮೂರೇ ಜನ, ಇಂಥವನ ನಂತರ ಇಂಥವನು ಅಂತ ಎಲ್ಲರ ಮನಸ್ಸಿನಲ್ಲಿ ಕೂತದ್ದು 1932ರಲ್ಲಿ ಯೋಹಾನ್ನೆಸ್ ಊರ್ ಕೋತ್ಲುಮ್ ಎಂಬ ಕವಿ ಬರೆದ ಮಕ್ಕಳ ಪದ್ಯದಿಂದ.

ಮಕ್ಕಳ ಪಾಲು ಇಷ್ಟು. ಇನ್ನು ನಿನಗೆ.

ಈ ಕಳ್ಳರಲ್ಲಿ ಒಬ್ಬನಾದರೂ ಬಂಗಾರ ಕದಿಯುವುದಿಲ್ಲ ನೋಡು. ಕದಿಯುವುದು ಹೆಚ್ಚಾಗಿ ಅನ್ನವೇ. ಅದೂ ತಳ ಕೆರೆದದ್ದು, ಸೌಟಿಗೆ ಅಂಟಿದ್ದು. ಹೊಟ್ಟೆ ತುಂಬಿದ ನಾಡಿನಲ್ಲಿ ಇಂಥ ಕಳ್ಳರು ಹುಟ್ಟುವುದಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಇವತ್ತಿನ ಐಸ್‌ಲ್ಯಾಂಡ್ ಶ್ರೀಮಂತ ದೇಶ. ಆದರೆ ಇಲ್ಲಿನ ಹಬ್ಬಗಳನ್ನು ಒಂದೊಂದಾಗಿ ಬಿಡಿಸಿದರೆ ಕೆಳಗೆ ಸಿಗುವುದು ಹಸಿವು ಮತ್ತು ಕತ್ತಲೆ.

ಸ್ವಲ್ಪ ಚರಿತ್ರೆ ಹೇಳುತ್ತೇನೆ. ಇಂಗೋಲ್ಫುರ್ ಆರ್ನಾರ್ಸೊನ್ ಎಂಬವನು ನಾರ್ವೆಯಿಂದ ಬಂದು ಈಗಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ನೆಲೆಸಿದ್ದು 874ರಲ್ಲಿ ಅಂತ ವಾಡಿಕೆ. 930ರ ಹೊತ್ತಿಗೆ ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಆಲ್ಥಿಂಗಿ ಎಂಬ ಸಭೆ ಶುರುವಾಯಿತು. ರಾಜನಿಲ್ಲ, ಸೈನ್ಯವಿಲ್ಲ, ಬಯಲಲ್ಲೇ ಕಾನೂನು. ಸುಮಾರು 1000ನೇ ಇಸವಿಯಲ್ಲಿ ಕ್ರೈಸ್ತ ಮತಕ್ಕೆ ಸೇರಬೇಕೋ ಬೇಡವೋ ಅಂತ ಜನ ಎರಡು ಪಾಲಾದಾಗ, ತೀರ್ಪು ಕೊಡುವ ಹೊಣೆ ಥೋರ್ಗೇರ್ ಎಂಬ ಹಿರಿಯನ ಮೇಲೆ ಬಿತ್ತು. ಅವನು ಹಳೆಯ ದೇವರುಗಳನ್ನು ನಂಬುವವನು. ಒಂದು ಹಗಲು, ಒಂದು ರಾತ್ರಿ ಕಂಬಳಿ ಹೊದ್ದು ಯೋಚಿಸುತ್ತ ಮಲಗಿದನಂತೆ. ಎದ್ದು ಬಂದು, ಎಲ್ಲರೂ ದೀಕ್ಷೆ ತಗೊಳ್ಳಿ, ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ಮಾಡಿದರೆ ಶಿಕ್ಷೆಯಿಲ್ಲ, ಕುದುರೆ ಮಾಂಸ ತಿನ್ನುವುದನ್ನೂ ಬಿಡಬೇಕಿಲ್ಲ ಅಂದ. ರಕ್ತ ಹರಿಯಲಿಲ್ಲ. ಕೆಲವೇ ವರ್ಷದಲ್ಲಿ ಆ ಸಡಿಲಿಕೆಗಳು ಹೋದವು. ಆದರೂ ಹೊಡೆದಾಡದೆ ಹೀಗೊಂದು ದಾರಿ ಹುಡುಕಿದ ಜನರ ಬಗ್ಗೆ ನನಗೆ ಬಹಳ ಗೌರವ.

1262ರಲ್ಲಿ ನಾರ್ವೆಯ ರಾಜನಿಗೆ ಒಪ್ಪಿಕೊಂಡರು, ಆಮೇಲೆ ಡೆನ್ಮಾರ್ಕಿನ ಕೈಗೆ ಹೋದರು. 1602ರಿಂದ 1787ರವರೆಗೆ ಇಲ್ಲಿ ವ್ಯಾಪಾರ ಮಾಡುವ ಹಕ್ಕು ಡೇನಿಷ್ ರಾಜ ನೇಮಿಸಿದವರಿಗೆ ಮಾತ್ರ. ಈ ಮಣ್ಣಿನಲ್ಲಿ ಧಾನ್ಯ ಸರಿಯಾಗಿ ಬೆಳೆಯುವುದಿಲ್ಲ, ಹಿಟ್ಟು ಹಡಗಿನಲ್ಲೇ ಬರಬೇಕು. ಬೆಲೆ ಅವರು ಹೇಳಿದ್ದೇ. ಇಂಥ ಹೊತ್ತಿನಲ್ಲಿ, 1783ರ ಜೂನ್ 8ರಂದು, ಲಾಕಿ ಎಂಬಲ್ಲಿ ನೆಲ ಉದ್ದಕ್ಕೂ ಸೀಳಿ ಲಾವಾ ಉಕ್ಕಿತು. ನಿಂತದ್ದು ಸುಮಾರು ಎಂಟು ತಿಂಗಳಾದ ಮೇಲೆ. ಲಾವಾಕ್ಕಿಂತ ಜಾಸ್ತಿ ಕೊಂದದ್ದು ಅದರ ಹೊಗೆ. ವಿಷಗಾಳಿ ಹುಲ್ಲಿನ ಮೇಲೆ ಕೂತಿತು, ಅದನ್ನು ಮೇಯ್ದ ಕುರಿ, ದನ, ಕುದುರೆಗಳು ಸತ್ತವು. ಕುರಿಗಳಂತೂ ನೂರಕ್ಕೆ ಎಂಬತ್ತರಷ್ಟು ಹೋದವು ಅನ್ನುತ್ತಾರೆ. ಕುರಿ ಹೋದ ಮೇಲೆ ಜನ ಉಳಿಯುವುದು ಹೇಗೆ? ಐದು ಜನರಲ್ಲಿ ಒಬ್ಬರು, ಅಥವಾ ಅದಕ್ಕಿಂತ ಹೆಚ್ಚು ಮಂದಿ, ಆ ಬರದಲ್ಲಿ ತೀರಿಕೊಂಡರು. ಪಾತ್ರೆಯ ತಳ ಕೆರೆಯುವವನ ಕತೆ ಅದಕ್ಕೂ ಹಳೆಯದಿರಬಹುದು. ಆದರೆ ಆ ಚಳಿಗಾಲದಲ್ಲಿ ಅದನ್ನು ಕೇಳಿದ ಮಗುವಿಗೆ ಅದು ಕತೆಯಾಗಿ ಕೇಳಿಸಿತ್ತೇ?

ಈಗ ಹಬ್ಬದ ಊಟ ನೋಡು. ಕ್ರಿಸ್‌ಮಸ್‌ಗೆ ಇವರು ಗೋಧಿ ಹಿಟ್ಟಿನಿಂದ ಕಾಗದದಷ್ಟು ತೆಳ್ಳಗೆ ರೊಟ್ಟಿ ಲಟ್ಟಿಸುತ್ತಾರೆ. ಮನೆಯವರೆಲ್ಲ ಕೂತು ಚಾಕುವಿನಲ್ಲಿ ಎಲೆ, ನಕ್ಷತ್ರದ ಚಿತ್ತಾರ ಕೊರೆಯುತ್ತಾರೆ, ಆಮೇಲೆ ಕರಿಯುತ್ತಾರೆ. ಹೆಸರು ಲೋಯ್ವಾಬ್ರೋಯ್ದ್. ನೋಡಲು ಬಹಳ ಚೆಂದ. ಅಷ್ಟು ತೆಳ್ಳಗೆ ಯಾಕೆ ಅಂದರೆ, ಹಿಟ್ಟು ಕಮ್ಮಿ ಇತ್ತು. ಇದ್ದ ಒಂದು ಹಿಡಿಯನ್ನು ಎಲ್ಲರಿಗೂ ಹಂಚಬೇಕಿತ್ತು, ಆದರೂ ಹಬ್ಬ ಹಬ್ಬದ ಹಾಗೆ ಕಾಣಬೇಕಿತ್ತು.

ಜನವರಿ ಕೊನೆಗೆ ಥೋರಿ ಎಂಬ ಹಳೆಯ ತಿಂಗಳು ಶುರುವಾಗುತ್ತದೆ, ಯಾವಾಗಲೂ ಶುಕ್ರವಾರವೇ. ಆಗಿನ ಕೂಟದ ಹೆಸರು ಥೋರಾಬ್ಲೋಟ್. ಸುಟ್ಟು ಬೇಯಿಸಿದ ಕುರಿತಲೆ, ಹುಳಿ ಬಂದ ಮಾಂಸ, ತಿಂಗಳುಗಟ್ಟಲೆ ಹುದುಗಿಸಿ ಒಣಗಿಸಿದ ಶಾರ್ಕ್, ಎಲ್ಲ ಒಂದೇ ಕಡೆ. ಇಲ್ಲಿ ಉಪ್ಪಿಗೂ ಬರವಿತ್ತು. ಅದಕ್ಕೆ ಸ್ಕೀರ್ ಮಾಡುವಾಗ ಬಸಿದ ಹುಳಿನೀರಿನಲ್ಲೇ ಮಾಂಸವನ್ನು ಕೆಡದಂತೆ ಇಡುತ್ತಿದ್ದರು. ಆ ಶಾರ್ಕ್ ಹಸಿಯಾಗಿದ್ದರೆ ವಿಷ, ಹುದುಗಿಸಿದರೆ ಮಾತ್ರ ಊಟ. ಪಟ್ಟಣದವರು ಈ ಊಟವನ್ನು ಮರೆಯುತ್ತಿದ್ದಾಗ 1958ರಲ್ಲಿ ರೇಕ್ಯಾವಿಕ್‌ನ ಒಂದು ಹೋಟೆಲು ಇದನ್ನೆಲ್ಲ ಮರದ ದೋಣಿಯಂಥ ಪಾತ್ರೆಯಲ್ಲಿ ಬಡಿಸತೊಡಗಿತು. ಅಲ್ಲಿಂದ ಮತ್ತೆ ಜೀವ ಬಂತು. ಹೊರಗಿನವರು ಇದನ್ನು ವಿಡಿಯೋ ಮಾಡಿ ಮೂಗು ಮುಚ್ಚಿಕೊಂಡು ನಗುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅಜ್ಜ ಅಜ್ಜಿಯರನ್ನು ಬದುಕಿಸಿದ ಊಟ ಅದು.

ಬೆಕ್ಕಿನ ಕತೆಗೂ ಹೀಗೇ ಒಂದು ಕಾರಣ ಹೇಳುತ್ತಾರೆ. ಶರತ್ಕಾಲದಲ್ಲಿ ಕತ್ತರಿಸಿದ ಉಣ್ಣೆಯ ಕೆಲಸ ಕ್ರಿಸ್‌ಮಸ್ ಒಳಗೆ ಮುಗಿಯಬೇಕಿತ್ತು. ದುಡಿದವರಿಗೆ ಹೊಸ ಬಟ್ಟೆ, ದುಡಿಯದವರಿಗೆ ಬೆಕ್ಕು. ಆ ಕೆಲಸ ನಡೆಯುತ್ತಿದ್ದದ್ದು ರಾತ್ರಿ. ಡಿಸೆಂಬರಿನಲ್ಲಿ ರೇಕ್ಯಾವಿಕ್‌ಗೆ ಸಿಗುವ ಹಗಲು ನಾಲ್ಕೇ ಗಂಟೆ. ಹುಲ್ಲುಮಣ್ಣಿನ ಮನೆ, ಎಲ್ಲರೂ ಮಲಗುವ ಒಂದೇ ಕೋಣೆ, ಒಂದು ದೀಪ. ಕೆಲವರು ನೂಲುತ್ತಾರೆ, ಕೆಲವರು ಹೆಣೆಯುತ್ತಾರೆ, ಒಬ್ಬರು ಹಳೆಯ ವೀರರ ಕತೆಗಳನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನಮ್ಮ ಕಡೆ ಮಳೆಗಾಲದ ರಾತ್ರಿ ಭಾರತ ಓದಿಸುತ್ತಿದ್ದರಲ್ಲ, ಹಾಗೆ. ಹೊಟ್ಟೆಗಿಲ್ಲದ ಕಾಲದಲ್ಲೂ ಇವರು ಓದು ಬಿಡಲಿಲ್ಲ, ಅದೇ ನನಗೆ ದೊಡ್ಡ ವಿಷಯ.

ಕರುವಿನ ಚರ್ಮದ ಮೇಲೆ ಬರೆದ ಆ ಹಳೆಯ ಪುಸ್ತಕಗಳನ್ನು ಆರ್ನಿ ಮಾಗ್ನೂಸ್ಸೊನ್ ಎಂಬ ವಿದ್ವಾಂಸ ಊರೂರು ತಿರುಗಿ ಕೂಡಿಸಿ ಕೋಪನ್‌ಹೇಗನ್‌ಗೆ ಒಯ್ದ. 1728ರ ಬೆಂಕಿಯಲ್ಲಿ ಒಂದಷ್ಟು ಹೋದವು, ಬಹಳಷ್ಟು ಉಳಿದವು. 1944ರ ಜೂನ್ 17ಕ್ಕೆ ದೇಶ ಗಣರಾಜ್ಯವಾಯಿತು. ಪುಸ್ತಕಗಳು ಮಾತ್ರ ಅಲ್ಲೇ ಇದ್ದವು. ಕೊನೆಗೆ 1971ರ ಏಪ್ರಿಲ್ 21ರಂದು ಡೆನ್ಮಾರ್ಕ್ ತನ್ನಲ್ಲಿದ್ದ ಇಂಥ ಹಳೆಯ ಪುಸ್ತಕಗಳಲ್ಲಿ ಮೊದಲ ಎರಡನ್ನು ಯುದ್ಧನೌಕೆಯಲ್ಲಿ ವಾಪಸ್ ಕಳಿಸಿತು. ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಜನ ಕಾದಿದ್ದರು. ಎರಡು ಪುಸ್ತಕಕ್ಕಾಗಿ!

ಅದೇ ಜನ ಈಗ ಕ್ರಿಸ್‌ಮಸ್‌ಗೆ ಪುಸ್ತಕವನ್ನೇ ಉಡುಗೊರೆ ಕೊಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬೇರೆ ಸಾಮಾನಿಗೆಲ್ಲ ಕಟ್ಟುಪಾಡಿತ್ತು, ಕಾಗದ ಮಾತ್ರ ಸುಲಭವಾಗಿ ಸಿಗುತ್ತಿತ್ತು, ಅಲ್ಲಿಂದ ಇದು ಬೆಳೆಯಿತು. ಆ ವರ್ಷದ ಹೊಸ ಪುಸ್ತಕಗಳ ಪಟ್ಟಿ ಹೊರತರುವುದು 1944ರಿಂದಲೂ ನಡೆದುಬಂದ ರೂಢಿ, ಬಹಳ ವರ್ಷ ಅದು ಮನೆಮನೆಗೂ ಬರುತ್ತಿತ್ತು. 23ಕ್ಕೆ ರೇಡಿಯೋದಲ್ಲಿ ಜನ ಒಬ್ಬರಿಗೊಬ್ಬರು ಕಳಿಸಿದ ಶುಭಾಶಯಗಳನ್ನು ಗಂಟೆಗಟ್ಟಲೆ ಓದುತ್ತಾರೆ. 24ರ ಸಂಜೆ ಆರಕ್ಕೆ ರೇಡಿಯೋದಲ್ಲಿ ಚರ್ಚಿನ ಗಂಟೆ ಕೇಳಿದರೆ ಹಬ್ಬ ಶುರು. ಊಟ, ಉಡುಗೊರೆ, ಆಮೇಲೆ ರಾತ್ರಿಯೆಲ್ಲ ಓದು.

ನನಗೆ ಎಲ್ಲಕ್ಕಿಂತ ಇಷ್ಟದ ಹಬ್ಬ ಇನ್ನೊಂದಿದೆ. ಏಪ್ರಿಲ್ 19ರಿಂದ 25ರೊಳಗೆ ಬರುವ ಗುರುವಾರ, ಬೇಸಿಗೆಯ ಮೊದಲ ದಿನ. ಸರ್ಕಾರಿ ರಜೆ. ಎಷ್ಟೋ ಸಲ ಹೊರಗೆ ಹಿಮ ಬೀಳುತ್ತಿರುತ್ತದೆ! ಇವರ ಹಳೆಯ ಲೆಕ್ಕದಲ್ಲಿ ವರ್ಷಕ್ಕೆ ಎರಡೇ ಕಾಲ. ಹಿಂದಿನ ರಾತ್ರಿ ಹೊರಗೆ ನೀರಿಟ್ಟು, ಅದು ಹೆಪ್ಪುಗಟ್ಟಿದರೆ ಆ ವರ್ಷ ಹಾಲು ಗಟ್ಟಿ ಅಂತ ನಂಬಿಕೆ. ಉಡುಗೊರೆ ಕೊಡುವ ರೂಢಿ ಇಲ್ಲಿ ಕ್ರಿಸ್‌ಮಸ್‌ಗಿಂತ ಮೊದಲು ಶುರುವಾದದ್ದು ಈ ದಿನಕ್ಕೇ. ವಯಸ್ಸನ್ನೂ ಎಷ್ಟು ಚಳಿಗಾಲ ಕಳೆದೆ ಅಂತಲೇ ಎಣಿಸುತ್ತಿದ್ದರು. ಆ ದಿನ ಎದುರಾದವರಿಗೆ ಬೇಸಿಗೆ ಚೆನ್ನಾಗಿರಲಿ ಅನ್ನುತ್ತಾರೆ, ಜೊತೆಗೆ ಕಳೆದ ಚಳಿಗಾಲಕ್ಕಾಗಿ ಥ್ಯಾಂಕ್ಸ್ ಅಂತಲೂ ಹೇಳುತ್ತಾರೆ.

ಎಲ್ಲರೂ ಬರುವ ಹಾಗೆ ಜುಲೈನಲ್ಲಿ ಬರಬೇಡ ಮಾರಾಯ. ಡಿಸೆಂಬರಿನಲ್ಲಿ ಬಾ, ಆಗದಿದ್ದರೆ ಆ ಗುರುವಾರಕ್ಕೆ ಬಾ. ಮಕ್ಕಳನ್ನೂ ಕರೆದುಕೊಂಡು ಬಾ. ಹದಿಮೂರು ಜನರಲ್ಲಿ ಅವರಿಗೆ ಯಾರು ಇಷ್ಟವಾದರು ಅಂತ ಕೇಳಿ ಬರೆ.

ನಿನ್ನ,
ಗೆಳೆಯ